ಕೂಸಿನ ಮಿದುಳು, ತಾಯಿಯ ಮನಸ್ಸು: ಮೊದಲ ಮೂರು ವರ್ಷಗಳಿಗೊಂದು ಮಾರ್ಗದರ್ಶಿ

ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಮಗುವನ್ನು ತಿಂಗಳಿಗೊಮ್ಮೆ ತೂಗಿಸಬೇಕು, ಚುಚ್ಚುಮದ್ದು ತಪ್ಪಿಸಬಾರದು, ಬಸುರಿಯ ಹೆಸರು ಬರೆಸಬೇಕು ಎಂಬುದನ್ನು ಈ ಭಾಗದ ಮನೆಗಳಿಗೆ ಇಂದು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದ ವರ್ಷಗಳಲ್ಲಿ ನಾನು ಸಾವಿರಾರು ಮಕ್ಕಳ ತೂಕವನ್ನು ಪರಿಶೀಲಿಸಿದ್ದೇನೆ. ಆದರೆ ಆ ಮಗುವಿನೊಂದಿಗೆ ಇವತ್ತು ಯಾರು ಮಾತನಾಡಿದರು, ಅದರ ತಾಯಿ ಕಳೆದ ರಾತ್ರಿ ಕಣ್ಣು ಮುಚ್ಚಿದಳೇ ಎಂದು ಕೇಳಲು ಮೊದಲ ವರ್ಷಗಳಲ್ಲಿ ನನಗೆ ತೋಚಿರಲಿಲ್ಲ. ಮಗುವಿನ ಮಿದುಳಿನ ಮಟ್ಟಿಗೆ ಆ ಎರಡು ಪ್ರಶ್ನೆಗಳು ತೂಕದಷ್ಟೇ ಮುಖ್ಯ. ಅವುಗಳನ್ನು ಮನೆಯಲ್ಲಿ ಹೇಗೆ ಕೇಳಿಕೊಳ್ಳಬೇಕು, ಉತ್ತರ ಸಮಾಧಾನ ತರದಿದ್ದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಹುಟ್ಟುವಾಗ ಮಗುವಿನ ಮಿದುಳಿನ ತೂಕವು ದೊಡ್ಡವರ ಮಿದುಳಿನ ಸುಮಾರು ಕಾಲು ಭಾಗದಷ್ಟಿರುತ್ತದೆ. ಎರಡು ವರ್ಷ ತುಂಬುವಷ್ಟರಲ್ಲಿ ಅದು ಹೆಚ್ಚುಕಡಿಮೆ ಮುಕ್ಕಾಲು ಭಾಗಕ್ಕೆ ಬಂದಿರುತ್ತದೆ. ಈ ಅವಧಿಯಲ್ಲಿ ನರಕೋಶಗಳ ನಡುವೆ ಅಪಾರ ಸಂಖ್ಯೆಯ ಕೊಂಡಿಗಳು ಮೂಡುತ್ತವೆ; ಬಳಕೆಗೆ ಬಂದವು ಗಟ್ಟಿಯಾಗುತ್ತವೆ, ಬಾರದವು ಕ್ರಮೇಣ ಕಳಚಿಹೋಗುತ್ತವೆ. ಬಳಕೆ ಎಂದರೆ ಹೆಚ್ಚಾಗಿ ಮನುಷ್ಯರೊಡನೆ ನಡೆಯುವ ಕೊಡುಕೊಳ್ಳುವಿಕೆಯೇ: ಮಗು ಒಂದು ಸದ್ದು ಮಾಡಿದಾಗ ಯಾರಾದರೂ ತಿರುಗಿ ನೋಡುವುದು, ಅದು ನಕ್ಕಾಗ ನಗುವುದು, ಕೈಚಾಚಿದಾಗ ಎತ್ತಿಕೊಳ್ಳುವುದು. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಐದು ವರ್ಷದೊಳಗಿನ ಸುಮಾರು 25 ಕೋಟಿ ಮಕ್ಕಳು, ಅಂದರೆ ಶೇ. 43ರಷ್ಟು ಮಂದಿ, ತಮಗೆ ಸಾಧ್ಯವಿದ್ದಷ್ಟು ಬೆಳವಣಿಗೆಯನ್ನು ಮುಟ್ಟದೆ ಹೋಗುವ ಅಪಾಯದಲ್ಲಿದ್ದಾರೆಂದು 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಅಂದಾಜು ಪ್ರಕಟಿಸಿತು. ಕಡುಬಡತನವನ್ನೂ ವಯಸ್ಸಿಗೆ ತಕ್ಕ ಎತ್ತರವಿಲ್ಲದಿರುವುದನ್ನೂ ಆಧರಿಸಿ ಮಾಡಿದ ಲೆಕ್ಕ ಅದು.

ಈ ಅಂಕಿಯನ್ನು ಓದಿ ಕೈಚೆಲ್ಲುವವರಿಗೆ ನಾನು ಜಮೈಕಾ ದೇಶದ ಸಂಗತಿಯನ್ನು ಹೇಳುತ್ತೇನೆ. ಅಲ್ಲಿನ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ 1986-87ರಲ್ಲಿ, 9ರಿಂದ 24 ತಿಂಗಳ ವಯಸ್ಸಿನ, ಎತ್ತರ ಕುಂಠಿತವಾಗಿದ್ದ 129 ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿ ಅಧ್ಯಯನ ಆರಂಭಿಸಿದರು. ಕೆಲವು ಗುಂಪುಗಳ ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಂದು ಗಂಟೆಯಂತೆ ಎರಡು ವರ್ಷ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆಗಳನ್ನು ಇಟ್ಟುಕೊಂಡು ಮಗುವಿನೊಂದಿಗೆ ಹೇಗೆ ಆಡಬೇಕು, ಹೇಗೆ ಮಾತನಾಡಬೇಕು ಎಂದು ತಾಯಂದಿರಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷಗಳ ನಂತರ ಹುಡುಕಿ ನೋಡಿದಾಗ, ಆ ಮಕ್ಕಳು ಉಳಿದವರಿಗಿಂತ ಶೇ. 25ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು. ಆ ಕಾರ್ಯಕರ್ತೆಯರು ನಮ್ಮ ಆಶಾ, ಅಂಗನವಾಡಿ ಕಾರ್ಯಕರ್ತೆಯರಂಥವರೇ ಆಗಿದ್ದರು ಎಂಬುದು ಈ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಅಂಶ.

ಹೆಜ್ಜೆ 1: ಮೊದಲು ತಾಯಿಯನ್ನು ಕೇಳಿ

ಮಗುವಿನ ಕಡೆಗೆ ಹೋಗುವ ಮುನ್ನ ಬಾಣಂತಿಯ ಬಳಿ ಕುಳಿತುಕೊಳ್ಳಿ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆರಿಗೆಯ ನಂತರ ಸುಮಾರು ಶೇ. 22ರಷ್ಟು ತಾಯಂದಿರಲ್ಲಿ ಖಿನ್ನತೆ ಕಂಡುಬಂದಿತ್ತು. ಐವರಲ್ಲಿ ಒಬ್ಬಳು ಎಂದರೆ ಪ್ರತಿ ಬೀದಿಯಲ್ಲೂ ಒಬ್ಬಳು ಇದ್ದಾಳೆಂದೇ ಅರ್ಥ. ನಮ್ಮ ಕಡೆಯ ಹೆಂಗಸರು ಅದನ್ನು ಖಿನ್ನತೆ ಎಂದು ಕರೆಯುವುದಿಲ್ಲ. ಎದೆ ಭಾರ, ಮೈಯೆಲ್ಲ ಉರಿ, ತಲೆ ಹಿಡಿದಂತೆ ಇದೆ, ಸುಸ್ತು, ಊಟ ಸೇರುವುದಿಲ್ಲ ಎನ್ನುತ್ತಾರೆ. ಮನೆಯವರು ದೃಷ್ಟಿ ತಾಗಿದೆ ಎನ್ನುತ್ತಾರೆ. ತವರಿನಲ್ಲಿ ಬಾಣಂತನ ನಡೆಯುವಷ್ಟು ದಿನ ಹೇಗೋ ಸಾಗಿ, ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಬಂದ ಮೇಲೆ ಕುಸಿದವರನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಆದ್ದರಿಂದ ಹೆರಿಗೆಯಾದ ತಿಂಗಳಲ್ಲಿ ಒಮ್ಮೆ ಕೇಳಿ ಮುಗಿಸುವುದು ಸಾಲದು. ವರ್ಷವಿಡೀ ನಡುನಡುವೆ ಕೇಳುತ್ತಿರಬೇಕು.

ಕೇಳಬೇಕಾದವು ಎರಡೇ ಪ್ರಶ್ನೆಗಳು. ಕಳೆದ ಹದಿನೈದು ದಿನಗಳಲ್ಲಿ ಹೆಚ್ಚಿನ ದಿನ ಮನಸ್ಸು ಕುಗ್ಗಿದಂತೆ, ಮುಂದೆ ಏನೂ ಇಲ್ಲವೆಂಬಂತೆ ಅನ್ನಿಸಿತೇ? ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯೇ? ಇವುಗಳನ್ನು ಅತ್ತೆಯ ಎದುರಿಗೆ, ಬಂದವರ ಎದುರಿಗೆ ಕೇಳಿದರೆ ‘ಏನಿಲ್ಲ’ ಎಂಬ ಉತ್ತರವೇ ಬರುತ್ತದೆ. ಅಕ್ಕನೋ, ತಾಯಿಯೋ, ಆಶಾ ಕಾರ್ಯಕರ್ತೆಯೋ ಕೂಸಿಗೆ ನೀರು ಹಾಕುವ ಹೊತ್ತಿನಲ್ಲಿ ಅಥವಾ ಹಿತ್ತಲಲ್ಲಿ ಬಟ್ಟೆ ಹರವುವಾಗ, ‘ಏನವ್ವ, ರಾತ್ರಿ ನಿದ್ದೆ ಬತ್ತದಾ? ಕೂಸು ಮಲಗಿದಾಗಲಾದರೂ ಕಣ್ಣು ಮುಚ್ಚುತೀಯಾ?’ ಎಂದು ಆರಂಭಿಸಿದರೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮಗು ಮಲಗಿದ್ದರೂ ತಾಯಿಗೆ ನಿದ್ದೆ ಬಾರದಿರುವುದು ಗಂಭೀರವಾಗಿ ತೆಗೆದುಕೊಳ್ಳಬೇಕಾದ ಸುಳಿವು.

ಹೆರಿಗೆಯ ನಂತರದ ಮೊದಲ ಕೆಲವು ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಅನೇಕರಲ್ಲಿ ಸಹಜ, ಮತ್ತು ಎರಡು ವಾರದೊಳಗೆ ಅದು ತಾನಾಗಿ ಇಳಿಯುತ್ತದೆ. ಎರಡು ವಾರ ದಾಟಿಯೂ ಉಳಿದರೆ ವೈದ್ಯರಿಗೆ ತೋರಿಸಿ. ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಯೂ ಇದೇ ರೀತಿ ಸುಸ್ತು, ಬೇಸರ ತರುವುದರಿಂದ ಆ ಪರೀಕ್ಷೆಗಳನ್ನು ಮಾಡಿಸಿ. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ‘ಮನೋಚೈತನ್ಯ’ ವ್ಯವಸ್ಥೆ ಕರ್ನಾಟಕದಲ್ಲಿದೆ. ನಿಮ್ಮ ಊರಿಗೆ ಯಾವ ವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯ ಮೂಲಕ ಮೊದಲೇ ಕೇಳಿಕೊಂಡು ಹೋದರೆ ಒಂದು ದಿನದ ಕೂಲಿ ವ್ಯರ್ಥವಾಗುವುದಿಲ್ಲ. ಮೊಲೆಯೂಡುವವರೂ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ಹಾಲು ಬಿಡಿಸಬೇಕಾದೀತೆಂಬ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದೆ ಉಳಿಯಬೇಡಿ.

ಮನೆಯವರು ಮಾಡಬಹುದಾದ ಅತ್ಯಂತ ದೊಡ್ಡ ಉಪಕಾರವೆಂದರೆ ನಿದ್ದೆ. ರಾತ್ರಿ ಒಮ್ಮೆ ಹಾಲು ಕುಡಿಸಿದ ಮೇಲೆ ಗಂಡನೋ ಅಜ್ಜಿಯೋ ಕೂಸನ್ನು ತಾವು ನೋಡಿಕೊಂಡು, ತಾಯಿಗೆ ಮೂರು ನಾಲ್ಕು ಗಂಟೆ ಎಚ್ಚರವಾಗದಂಥ ನಿದ್ದೆ ಸಿಗುವಂತೆ ಮಾಡಬೇಕು. ಎರಡನೆಯದೂ ಹೆಣ್ಣೇ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡಬಾರದು. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಖಿನ್ನತೆಯಿದ್ದ ಗರ್ಭಿಣಿಯರೊಂದಿಗೆ ಅಲ್ಲಿನ ಆರೋಗ್ಯ ಕಾರ್ಯಕರ್ತೆಯರೇ ತರಬೇತಿ ಪಡೆದು ಮಾತಿನ ಚಿಕಿತ್ಸೆ ನಡೆಸಿದಾಗ, ಹೆರಿಗೆಯಾಗಿ ಆರು ತಿಂಗಳಾಗುವಷ್ಟರಲ್ಲಿ ಖಿನ್ನತೆ ಉಳಿದದ್ದು ಶೇ. 23 ಮಂದಿಯಲ್ಲಿ; ಚಿಕಿತ್ಸೆಯಿಲ್ಲದೆ ಮಾಮೂಲಿ ಭೇಟಿ ಮಾತ್ರ ಪಡೆದವರಲ್ಲಿ ಅದು ಶೇ. 53 ಇತ್ತು. 2008ರಲ್ಲಿ ಪ್ರಕಟವಾದ ಈ ಫಲಿತಾಂಶ ನಮ್ಮಂಥ ಹಳ್ಳಿಗಳಿಗೆ ನೇರವಾಗಿ ಅನ್ವಯಿಸುತ್ತದೆಂದು ನಾನು ನಂಬುತ್ತೇನೆ.

‘ಬಾಣಂತಿ ಸನ್ನಿ’ ಎಂದು ಹಿರಿಯರು ಕರೆಯುವುದು ಬೇರೆಯೇ ಸ್ಥಿತಿ. ಹೆರಿಗೆಯಾದ ಮೊದಲ ವಾರಗಳಲ್ಲಿ ತಾಯಿ ದಿನಗಟ್ಟಲೆ ನಿದ್ರಿಸದೆ, ಸಂಬಂಧವಿಲ್ಲದ ಮಾತನಾಡುತ್ತ, ಯಾರೋ ಮಗುವಿಗೆ ಕೇಡು ಮಾಡುತ್ತಾರೆಂದು ಅನುಮಾನಿಸುತ್ತಿದ್ದರೆ, ಅಥವಾ ತಾನು ಸಾಯಬೇಕೆಂದು, ಮಗುವನ್ನು ಕೊಲ್ಲಬೇಕೆಂದು ಹೇಳುತ್ತಿದ್ದರೆ, ಅವಳನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ದೇವರ ಹರಕೆ ಇರಲಿ. ಅದಕ್ಕಾಗಿ ಒಂದು ರಾತ್ರಿಯನ್ನೂ ಕಾಯಬೇಡಿ. ಚಿಕಿತ್ಸೆ ಸಿಕ್ಕರೆ ಇದು ಗುಣವಾಗುವ ಕಾಯಿಲೆ.

ಹೆಜ್ಜೆ 2: ಭೇಟಿಯ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ

ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ, ಅನಂತರ 3, 6, 9, 12 ಮತ್ತು 15ನೆಯ ತಿಂಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬರಬೇಕೆಂಬ ನಿಯಮವಿದೆ. ತವರು ಮತ್ತು ಗಂಡನ ಮನೆ ಬೇರೆ ಬೇರೆ ಊರಾದಾಗ ಈ ಭೇಟಿಗಳು ತಪ್ಪುವುದು ಸಾಮಾನ್ಯ. ಹೊರಡುವ ಮುನ್ನ ಎರಡೂ ಊರಿನ ಕಾರ್ಯಕರ್ತೆಯರಿಗೆ ತಿಳಿಸಿ, ತಾಯಿ ಕಾರ್ಡನ್ನು ಬಟ್ಟೆಯ ಗಂಟಿಗಿಂತ ಮೊದಲು ಎತ್ತಿಟ್ಟುಕೊಳ್ಳಿ.

ಹೆಜ್ಜೆ 3: ಕೆಲಸದ ನಡುವೆಯೇ ಮಾತನಾಡಿ, ಮಾತನಾಡಿ ಕಾಯಿರಿ

‘ನಮಗೆ ಮಗುವಿನ ಜೊತೆ ಕೂರೋಕೆ ಹೊತ್ತೆಲ್ಲಿ ಅಕ್ಕ?’ ಎಂದು ಕೇಳಿದ ತಾಯಂದಿರ ಮಾತು ನಿಜ. ನಾಟಿಯ ದಿನಗಳಲ್ಲಿ, ಕಬ್ಬು ಕಡಿಯುವ ದಿನಗಳಲ್ಲಿ ಆಡಲೆಂದೇ ಬಿಡುವು ಮಾಡಿಕೊಳ್ಳುವುದು ಆಗದ ಕೆಲಸ. ಆದ್ದರಿಂದ ಹೇಗಿದ್ದರೂ ಮಾಡಬೇಕಾದ ನಾಲ್ಕು ಕೆಲಸಗಳನ್ನೇ ಆರಿಸಿಕೊಳ್ಳಿ: ಎಣ್ಣೆ ಹಚ್ಚಿ ನೀರು ಹಾಕುವುದು, ಉಣಿಸುವುದು, ಸೊಪ್ಪು ಬಿಡಿಸುವುದು ಅಥವಾ ಅಕ್ಕಿ ಆರಿಸುವುದು, ಮಲಗಿಸುವುದು. ಈ ನಾಲ್ಕೂ ಹೊತ್ತಿನಲ್ಲಿ ಮಗು ನಿಮ್ಮ ಮುಖ ಕಾಣುವಂತೆ ಇರಲಿ. ಮಾಡುತ್ತಿರುವುದನ್ನು ಬಾಯಲ್ಲಿ ಹೇಳಿ: ‘ಇದು ದಂಟು, ಇದು ಎಲೆ, ನೋಡು ಕಂದ, ಹುಳು ಬಂತು.’ ಹೇಳಿದ ಮೇಲೆ ಸುಮ್ಮನಾಗಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುವಷ್ಟು ಹೊತ್ತು ಕಾಯಿರಿ. ಮಗು ಕೈಕಾಲು ಆಡಿಸಬಹುದು, ‘ಊಂ’ ಎನ್ನಬಹುದು, ದಿಟ್ಟಿಸಬಹುದು. ಅದು ಅದರ ಉತ್ತರ. ಆ ಉತ್ತರಕ್ಕೆ ನೀವು ಮತ್ತೆ ಉತ್ತರ ಕೊಡಬೇಕು. ದೊಡ್ಡವರಲ್ಲಿ ಹೆಚ್ಚಿನವರು ಎಡವುವುದು ಈ ಕಾಯುವ ಹಂತದಲ್ಲಿ. ನಾವು ಹೇಳುತ್ತಲೇ ಹೋಗುತ್ತೇವೆ.

ಕಾಯುವುದಕ್ಕೆ, ತಿರುಗಿ ಉತ್ತರಿಸುವುದಕ್ಕೆ ಇಷ್ಟು ಬೆಲೆ ಏಕೆಂಬುದನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಸರಳ ಪ್ರಯೋಗವೊಂದರಲ್ಲಿ ತೋರಿಸಿದರು. ಮಗುವಿನೊಂದಿಗೆ ಆಡುತ್ತಿದ್ದ ತಾಯಿ ಸ್ವಲ್ಪ ಹೊತ್ತು ಮುಖವನ್ನು ಕಲ್ಲಿನಂತೆ ನಿಶ್ಚಲವಾಗಿ ಇಟ್ಟುಕೊಳ್ಳಬೇಕು. ಕೆಲವೇ ತಿಂಗಳ ಕೂಸು ಮೊದಲು ನಗುತ್ತದೆ, ಕೈಚಾಚುತ್ತದೆ, ಕೂಗುತ್ತದೆ. ಏನು ಮಾಡಿದರೂ ಮುಖ ಬದಲಾಗದಿದ್ದಾಗ ತಿರುಗಿಕೊಂಡು ಕಳವಳಗೊಳ್ಳುತ್ತದೆ. ಖಿನ್ನತೆಯಿಂದ ಬಳಲುವ ತಾಯಿಯ ಮುಖ ಅವಳ ಇಚ್ಛೆಯಿಲ್ಲದೆಯೇ ದಿನಗಟ್ಟಲೆ ಹಾಗಿರುತ್ತದೆ. ಮೊದಲ ಹೆಜ್ಜೆಯನ್ನು ಮೊದಲಿಗೇ ಇಟ್ಟದ್ದು ಈ ಕಾರಣಕ್ಕೆ. ಮೊಬೈಲಿನಲ್ಲಿ ಮುಳುಗಿದವರ ಮುಖವೂ ಮಗುವಿಗೆ ಹಾಗೆಯೇ ಕಾಣುತ್ತದೆ.

ವಯಸ್ಸಿಗೆ ತಕ್ಕಂತೆ ಆಟ ಬದಲಾಗಲಿ. ಮೊದಲ ಮೂರು ತಿಂಗಳು ನಿಮ್ಮ ಮುಖವೇ ಆಟಿಕೆ. ಒಂದು ಗೇಣಿನಷ್ಟು ದೂರದಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಆರು ತಿಂಗಳ ಹೊತ್ತಿಗೆ ಮಗು ಚಮಚವನ್ನು ಹತ್ತು ಸಲ ಕೆಳಗೆ ಹಾಕಿದರೆ ಬೈಯದೆ ಹತ್ತು ಸಲ ಎತ್ತಿಕೊಡಿ, ಬಿದ್ದದ್ದು ಎಲ್ಲಿ ಹೋಯಿತೆಂದು ಅದು ಕಲಿಯುತ್ತಿದೆ. ಒಂಬತ್ತನೆಯ ತಿಂಗಳಲ್ಲಿ ಲೋಟವನ್ನು ಟವೆಲ್ ಕೆಳಗೆ ಬಚ್ಚಿಡಿ. ವರ್ಷ ತುಂಬಿದ ಮೇಲೆ ಡಬ್ಬದೊಳಗೆ ಹಾಕುವುದು, ತೆಗೆಯುವುದು. ಎರಡನೆಯ ವರ್ಷದಲ್ಲಿ ದೊಡ್ಡ ಮುಚ್ಚಳ, ಚಿಕ್ಕ ಮುಚ್ಚಳ ಬೇರೆ ಮಾಡುವುದು, ಗೊಂಬೆಗೆ ಉಣಿಸುವುದು. ತೆಂಗಿನ ಚಿಪ್ಪು, ಹಳೆಯ ಸೀರೆಯ ಗೊಂಬೆ, ಬಾಟಲಿಯಲ್ಲಿ ಅವರೆಕಾಳು ಹಾಕಿ ಬಾಯಿಯನ್ನು ಭದ್ರವಾಗಿ ಅಂಟಿಸಿದ ಗಿಲಕಿ ಇಷ್ಟು ಸಾಕು. ಚನ್ನಪಟ್ಟಣದ ಮರದ ಗೊಂಬೆ ಕೊಳ್ಳಲು ಶಕ್ತಿಯಿದ್ದರೆ ಸಂತೋಷ, ಇಲ್ಲದಿದ್ದರೆ ಮಗುವಿಗೆ ಕೊರತೆಯೇನಿಲ್ಲ. ಕಡಲೆಬೀಜ, ನಾಣ್ಯ, ಗುಂಡಿಗಳು ಮಾತ್ರ ಕೈಗೆ ಸಿಗಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಅಜ್ಜಿಯ ಜೋಗುಳ, ಮನೆಯ ಮಾತು, ಅದು ಮಂಡ್ಯದ ಕನ್ನಡವಾಗಲಿ, ಉರ್ದುವಾಗಲಿ, ತಮಿಳಾಗಲಿ, ಹಾಗೆಯೇ ಇರಲಿ. ಮುಂದೆ ಶಾಲೆಗೆ ಬೇಕೆಂದು ತಮಗೇ ಸಲೀಸಾಗಿ ಬಾರದ ಇಂಗ್ಲಿಷಿನಲ್ಲಿ ನಾಲ್ಕು ಪದ ಹೇಳಿ ನಿಲ್ಲಿಸುವ ತಂದೆತಾಯಿಯರು ಮಗುವಿಗೆ ಸಿಗಬೇಕಾದ ನೂರಾರು ಮಾತುಗಳನ್ನು ತಪ್ಪಿಸುತ್ತಾರೆ. ಊಟ ಒಳಗೆ ಹೋಗಲೆಂದು ಮೊಬೈಲ್ ಹಿಡಿಯುವ ಅಭ್ಯಾಸವನ್ನು ಆರಂಭಿಸಲೇಬೇಡಿ. ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಪರದೆಯ ಮುಂದೆ ಕೂರಿಸಬಾರದು, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ.

ಹೆಜ್ಜೆ 4: ಮಿದುಳಿಗೆ ಬೇಕಾದ ಅನ್ನ

ಇದು ಬಸುರಿನಲ್ಲೇ ಆರಂಭವಾಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಅವರ ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿದ ಅಧ್ಯಯನದಲ್ಲಿ, ಬಸುರಿನಲ್ಲಿ ರಕ್ತದಲ್ಲಿ ಫೋಲೇಟ್ ಎಂಬ ವಿಟಮಿನ್ನಿನ ಮಟ್ಟ ಚೆನ್ನಾಗಿದ್ದ ತಾಯಂದಿರ ಮಕ್ಕಳು ಒಂಬತ್ತು ಹತ್ತನೆಯ ವಯಸ್ಸಿನಲ್ಲಿ ಕಲಿಕೆ ಮತ್ತು ನೆನಪಿನ ಪರೀಕ್ಷೆಗಳಲ್ಲಿ ಮುಂದಿದ್ದರು. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಬಸುರಿನಲ್ಲಿ 180 ದಿನ, ಹೆರಿಗೆಯ ನಂತರವೂ 180 ದಿನ ತೆಗೆದುಕೊಳ್ಳಬೇಕು. ಬಾಣಂತಿಗೆ ಸಾರನ್ನ ಮಾತ್ರ ಕೊಟ್ಟು ಸೊಪ್ಪು, ಬೇಳೆ, ಮೊಟ್ಟೆ, ನೀರನ್ನೂ ಪಥ್ಯವೆಂದು ನಿಲ್ಲಿಸುವ ರೂಢಿಯನ್ನು ಹಿರಿಯರು ಪ್ರೀತಿಯಿಂದಲೇ ಪಾಲಿಸುತ್ತಾರೆ. ಆದರೆ ಹಾಲೂಡುವ ತಾಯಿಗೆ ಅದರಿಂದ ತೊಂದರೆಯೇ ಆಗುತ್ತದೆ. ಅವಳಿಗೆ ಮನೆಯಲ್ಲಿ ಮಾಡಿದ ಎಲ್ಲವನ್ನೂ ಕೊಡಿ.

ಆರು ತಿಂಗಳು ಎದೆಹಾಲೊಂದೇ. ಹುಟ್ಟಿದ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು, ವರ್ಷ ತುಂಬುವವರೆಗೂ ಅದು ಅಪಾಯಕಾರಿ. ಆರು ತಿಂಗಳು ತುಂಬಿದ ಕೂಡಲೇ ಮೇಲೂಟ ಆರಂಭವಾಗಲಿ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿಸಿ, ಒಣಗಿಸಿ ಬೀಸಿದ ಹಿಟ್ಟಿನ ಸರಿ ನಮ್ಮ ಸೀಮೆಯ ಒಳ್ಳೆಯ ಕೊಡುಗೆ. ಮೊಳಕೆ ಕಟ್ಟಿಸುವುದರಿಂದ ಕಬ್ಬಿಣ ಮೈಗೆ ಹತ್ತದಂತೆ ತಡೆಯುವ ಅಂಶ ಕಡಿಮೆಯಾಗುತ್ತದೆ. ಆದರೆ ಸರಿಯೊಂದೇ ಸಾಲದು, ಮತ್ತು ಅದನ್ನು ಬಾಟಲಿಯಲ್ಲಿ ಕುಡಿಸುವಷ್ಟು ತೆಳುವಾಗಿ ಮಾಡಬಾರದು. ಚಮಚ ಓರೆ ಮಾಡಿದರೆ ಜಾರದೆ ನಿಲ್ಲುವಷ್ಟು ಗಟ್ಟಿಯಿರಲಿ. ಬೇಳೆಯ ತಿಳಿ ಬದಲು ಬೇಳೆಯನ್ನೇ ಮಸೆದು ಕೊಡಿ. ಬೆಂದ ಮೊಟ್ಟೆ, ಸೊಪ್ಪು, ತುಪ್ಪ, ತಿನ್ನುವ ಮನೆಗಳಲ್ಲಿ ಚೆನ್ನಾಗಿ ಬೇಯಿಸಿ ಮಸೆದ ಈಲಿ (ಯಕೃತ್ತು) ಅಥವಾ ಮುಳ್ಳು ತೆಗೆದ ಮೀನು ಸೇರಲಿ. ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಅನಂತರ ಮೂರು ನಾಲ್ಕು ಸಲ.

ಕಬ್ಬಿಣದ ಬಗ್ಗೆ ಒತ್ತಿ ಹೇಳುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಶೇ. 67.1ರಷ್ಟು ಮಕ್ಕಳಲ್ಲಿ ರಕ್ತಹೀನತೆಯಿದೆ. ನರತಂತುಗಳ ಹೊದಿಕೆ ಬೆಳೆಯಲು, ಮಿದುಳಿನ ಸಂದೇಶಗಳು ಸಾಗಲು ಕಬ್ಬಿಣ ಬೇಕು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆರಡು ಸಲ, ಒಂದೊಂದು ಮಿಲಿಲೀಟರ್. ಮಲ ಕಪ್ಪಾದರೆ ಹೆದರಬೇಕಿಲ್ಲ. ಟೀಗೆ ಬನ್ನು, ಕಾಫಿಗೆ ಬಿಸ್ಕತ್ತು ಅದ್ದಿ ಕೂಸಿಗೆ ತಿನ್ನಿಸುವುದನ್ನು ಬಿಡಿ, ಟೀ ಊಟದಲ್ಲಿನ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಸೊಪ್ಪಿನ ಅನ್ನಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಹೆಚ್ಚು ಹತ್ತುತ್ತದೆ. ಉಪ್ಪು ಅಯೋಡಿನ್ ಸೇರಿಸಿದ್ದೇ ಆಗಿರಲಿ.

ಹೆಜ್ಜೆ 5: ಕಿವಿ ಕೇಳುತ್ತಿದೆಯೇ, ಮಗು ವಯಸ್ಸಿಗೆ ತಕ್ಕಂತೆ ಇದೆಯೇ

ಕೇಳದ ಮಗುವಿಗೆ ನೀವು ಆಡಿದ ಮಾತೆಲ್ಲವೂ ನಷ್ಟ. ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಸಂದೇಹವಿದ್ದರೆ ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಜಗತ್ತಿನಾದ್ಯಂತ ಒಪ್ಪಿತವಾದ ಲೆಕ್ಕ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇರುವುದು ನಮ್ಮೆರಡು ಜಿಲ್ಲೆಗಳ ಭಾಗ್ಯ. ಸೋದರಮಾವನೊಡನೆ, ಅತ್ತೆಯ ಮಗನೊಡನೆ ಮದುವೆಯಾದವರ ಮಕ್ಕಳಲ್ಲಿ ಆನುವಂಶಿಕ ಕಿವುಡಿನ ಸಾಧ್ಯತೆ ಹೆಚ್ಚು. ಅಂಥ ಮನೆಯವರು, ತಿಂಗಳು ತುಂಬುವ ಮೊದಲೇ ಹುಟ್ಟಿದ ಅಥವಾ ಹೆಚ್ಚು ಕಾಮಾಲೆಯಾಗಿದ್ದ ಮಕ್ಕಳ ಮನೆಯವರು ಈ ತಪಾಸಣೆಯನ್ನು ತಪ್ಪಿಸಲೇಬಾರದು.

ಎರಡು ತಿಂಗಳ ಕೊನೆಗೆ ನಿಮ್ಮ ಮುಖ ನೋಡಿ ನಗುವುದು, ನಾಲ್ಕನೆಯ ತಿಂಗಳ ಹೊತ್ತಿಗೆ ಕತ್ತು ನಿಲ್ಲುವುದು, ಒಂಬತ್ತರೊಳಗೆ ಆಸರೆಯಿಲ್ಲದೆ ಕೂರುವುದು, ವರ್ಷದೊಳಗೆ ‘ಬಬಬ, ದದದ’ ಎನ್ನುವುದು, ಹದಿನಾರು ತಿಂಗಳೊಳಗೆ ಒಂದಾದರೂ ಅರ್ಥವಿರುವ ಪದ, ಹದಿನೆಂಟರೊಳಗೆ ನಡಿಗೆ, ಎರಡು ವರ್ಷಕ್ಕೆ ‘ಅವ್ವ ಬಾ’ ಎಂಬಂಥ ಎರಡು ಪದಗಳ ಜೋಡಣೆ. ಇವುಗಳಲ್ಲಿ ಯಾವುದು ತಪ್ಪಿದರೂ, ಅಥವಾ ಯಾವ ವಯಸ್ಸಿನಲ್ಲೇ ಆಗಲಿ ಬಂದಿದ್ದ ಮಾತು, ಆಟ, ಕಣ್ಣಿಗೆ ಕಣ್ಣು ಸೇರಿಸುವುದು ನಿಂತುಹೋದರೂ ತೋರಿಸಿ. ‘ಅವರಪ್ಪನೂ ತಡವಾಗೇ ಮಾತಾಡಿದ್ದು’ ಎಂಬ ಮಾತಿಗೆ ಕಿವಿಗೊಟ್ಟು ಎರಡು ವರ್ಷ ಕಳೆದುಕೊಂಡ ಮನೆಗಳನ್ನು ನೆನೆದರೆ ಇಂದಿಗೂ ನನ್ನ ಹೊಟ್ಟೆ ಉರಿಯುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತದೆ. ಅಲ್ಲಿಂದ, ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳಿಗೆ ಬೇಗನೆ ಚಿಕಿತ್ಸೆ ಕೊಡುವ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಚೀಟಿ ಕೇಳಿ ಪಡೆಯಿರಿ.

ಹೆಜ್ಜೆ 6: ಮನೆಯೊಳಗಿನ ಹೆದರಿಕೆಯನ್ನು ತಗ್ಗಿಸಿ

ಮಾತು ಬಾರದ ಕೂಸಿಗೆ ಜಗಳ ತಿಳಿಯುವುದಿಲ್ಲ ಎಂಬುದು ತಪ್ಪು. ಕುಡಿದು ಬಂದವರ ಕೂಗಾಟ, ತಾಯಿಗೆ ಬೀಳುವ ಏಟು ದಿನವೂ ನಡೆದು, ಮಗುವನ್ನು ಎತ್ತಿ ಸಂತೈಸುವವರು ಯಾರೂ ಇಲ್ಲದಿದ್ದರೆ, ಒತ್ತಡದ ಹಾರ್ಮೋನುಗಳು ಇಳಿಯದೆ ಉಳಿದು ನೆನಪು ಮತ್ತು ಭಾವನೆಗಳನ್ನು ನಿಭಾಯಿಸುವ ಮಿದುಳಿನ ಭಾಗಗಳಿಗೆ ಹಾನಿ ಮಾಡುತ್ತವೆ. ಜಗಳ ನಿಲ್ಲಿಸುವುದು ನಿಮ್ಮ ಕೈಯಲ್ಲಿಲ್ಲದಿದ್ದರೂ ಮಗುವನ್ನು ಪಕ್ಕದ ಮನೆಗೆ, ಅಜ್ಜಿಯ ಮಡಿಲಿಗೆ ದಾಟಿಸುವುದು ಸಾಧ್ಯ. ಒಬ್ಬ ನೆಚ್ಚಿಕೆಯ ವ್ಯಕ್ತಿ ಬಳಿಯಿದ್ದರೂ ಮಗುವಿನ ಮಿದುಳು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿಗಳಿವೆ. ಗುಮ್ಮ, ಪೊಲೀಸು ಎಂದು ಹೆದರಿಸಿ ಉಣಿಸುವುದನ್ನು, ಮಲಗಿಸುವುದನ್ನು ಬಿಡಿ. ರಚ್ಚೆ ಹಿಡಿದ ಎರಡು ವರ್ಷದ ಮಗುವಿಗೆ ಹೊಡೆಯುವ ಬದಲು ಅಪ್ಪಿ ಹಿಡಿದು, ‘ಕೋಪ ಬಂತಾ ಮಗ? ಹೌದು, ಕೋಪ ಬಂತು’ ಎಂದು ಅದರ ಭಾವಕ್ಕೆ ಹೆಸರು ಕೊಡಿ. ಅಳು ಇಳಿದ ಮೇಲೆ ಬುದ್ಧಿ ಹೇಳಬಹುದು.

ಹೆಜ್ಜೆ 7: ತಾಯಿ ಕೆಲಸಕ್ಕೆ ಹೋದಾಗ

ಬೆಳಗಿನ ಗಾರ್ಮೆಂಟ್ಸ್ ಬಸ್ಸು ಹತ್ತಿ ಹೋದ ತಾಯಿ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಅಂಥ ಮನೆಗಳಲ್ಲಿ ಮೇಲಿನ ಎಲ್ಲ ಹೆಜ್ಜೆಗಳನ್ನೂ ಹಗಲು ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ತಿಳಿಸಬೇಕು, ಅವರ ಆಯಾಸವನ್ನೂ ವಿಚಾರಿಸಬೇಕು. ನೋಡಿಕೊಳ್ಳುವವರು ದಿನಕ್ಕೊಬ್ಬರಂತೆ ಬದಲಾಗದಿರಲಿ. ಗ್ರಾಮ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ಇದ್ದರೆ ಹೋಗಿ ನೋಡಿ: ಅಲ್ಲಿರುವವರು ಮಗುವಿನ ಹೆಸರು ಹಿಡಿದು ಕರೆಯುತ್ತಾರೆಯೇ, ಅತ್ತಾಗ ಎತ್ತಿಕೊಳ್ಳುತ್ತಾರೆಯೇ ಎಂಬುದನ್ನು ಗೋಡೆಯ ಬಣ್ಣಕ್ಕಿಂತ ಮೊದಲು ಗಮನಿಸಿ. ಸಂಜೆ ಬಂದ ತಾಯಿ ಅಥವಾ ತಂದೆ ಒಲೆ ಹಚ್ಚುವ ಮುನ್ನ ಹದಿನೈದು ನಿಮಿಷ ಮಗುವಿನ ಮುಂದೆ ಕುಳಿತರೆ ಆ ದಿನದ ಲೆಕ್ಕಕ್ಕೆ ಅದು ದೊಡ್ಡದು. ತಂದೆಯರು ಈ ಕೆಲಸವನ್ನು ಬೇಗ ಕಲಿಯುತ್ತಾರೆ. ಅವರನ್ನು ಕರೆಯುವವರು ಕಡಿಮೆ.

ಕಬ್ಬು ಕಡಿಯಲು ಬೇರೆ ಜಿಲ್ಲೆಗಳಿಂದ ಬಂದು ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿಕೊಂಡ ಕುಟುಂಬಗಳ ಮಕ್ಕಳಿಗೂ ಹತ್ತಿರದ ಅಂಗನವಾಡಿಯಲ್ಲಿ ಊಟ, ತೂಕ, ಚುಚ್ಚುಮದ್ದಿನ ಹಕ್ಕಿದೆ. ಅವರಿಗೆ ಇದು ತಿಳಿದಿರುವುದಿಲ್ಲ. ನಿಮ್ಮ ಗದ್ದೆಗೆ ಅಂಥ ಗುಂಪು ಬಂದ ಮೊದಲ ದಿನವೇ ಅವರ ತಾಯಿ ಕಾರ್ಡುಗಳನ್ನು ಕೇಳಿ ತೆಗೆದುಕೊಂಡು, ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಗುಡಿಸಲಿನವರೆಗೆ ಕರೆತನ್ನಿ.